ಒಂದೇ ಮೇಜು, ಒಂದೇ ಕೆಲಸ, ಎರಡು ಹುದ್ದೆಯ ಹೆಸರು: ಇದನ್ನು ತಾರತಮ್ಯ ಎನ್ನಬಹುದೇ?

ಪ್ರಶ್ನೆ: ತಾರಿಹಾಳದ ಒಬ್ಬ ಆಡಳಿತ ಸಿಬ್ಬಂದಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಘಟಕದಲ್ಲಿ ಒಂಬತ್ತು ವರ್ಷಗಳಿಂದ ಹಾಜರಿ, ಪಗಾರ ಮತ್ತು ರಜೆಗಳ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ನಮ್ಮಲ್ಲಿ ಒಟ್ಟು 64 ಜನ ಕೆಲಸ ಮಾಡುತ್ತಾರೆ. ಪ್ರತಿ ಫೆಬ್ರವರಿಯಲ್ಲಿ ಪಗಾರ ಹೆಚ್ಚಳದ ಹಾಳೆಯನ್ನು ಸಿದ್ಧಪಡಿಸಿ ಮಾಲೀಕರ ಮುಂದೆ ಇಡುವುದು ನನ್ನ ಪಾಲಿನ ಕೆಲಸ. ಈ ಹಾಳೆ ಇಷ್ಟು ವರ್ಷ ಹುದ್ದೆಯ ಪ್ರಕಾರ ಇರುತ್ತಿತ್ತು; ಈ ಸಲ ಹೊಸ ಕಂಪ್ಯೂಟರಿಗೆ ಲೆಕ್ಕ ವರ್ಗಾಯಿಸುವಾಗ ಅದನ್ನು ಯಾರು ಎಲ್ಲಿ ಕೂತು ಕೆಲಸ ಮಾಡುತ್ತಾರೆ ಎಂಬುದರ ಪ್ರಕಾರ ಜೋಡಿಸಬೇಕಾಯಿತು. ಹಾಗೆ ಜೋಡಿಸಿದಾಗ ತಪಾಸಣೆ ಮೇಜಿನ ಎಂಟು ಹೆಸರುಗಳು ಮೊದಲ ಬಾರಿಗೆ ಒಂದರ ಕೆಳಗೆ ಒಂದು ಬಂದವು. ಅಂದಿನಿಂದ ನನಗೆ ಸಮಾಧಾನವಿಲ್ಲ.

ಆ ಮೇಜಿನಲ್ಲಿ ಆರು ಜನ ಹೆಣ್ಣುಮಕ್ಕಳು, ಇಬ್ಬರು ಗಂಡಸರು ಇದ್ದಾರೆ. ಲೇಥ್ ವಿಭಾಗದಿಂದ ಟ್ರೇಗಳಲ್ಲಿ ಬರುವ ಬುಶ್‌ಗಳನ್ನು (ಕೊಳವೆಯಾಕಾರದ ಲೋಹದ ಬಿಡಿಭಾಗಗಳನ್ನು) ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಒಳ ವ್ಯಾಸಕ್ಕೆ ಪ್ಲಗ್ ಗೇಜ್ ಹಾಕಿ, ಗೇಜಿನ ಒಂದು ತುದಿ ಸಲೀಸಾಗಿ ಒಳಗೆ ಹೋಗಿ ಇನ್ನೊಂದು ತುದಿ ಹೋಗದೆ ನಿಂತರೆ ಮಾತ್ರ ಅದನ್ನು ಪಾಸು ಮಾಡಿ, ಹೊರ ವ್ಯಾಸವನ್ನು ಮೈಕ್ರೊಮೀಟರಿನಲ್ಲಿ ಅಳೆದು, ಕೆಟ್ಟದ್ದಕ್ಕೆ ಕೆಂಪು ಬಣ್ಣ ಹಚ್ಚಿ, ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಎಂಟೂ ಜನ ಮಾಡುವುದು ಇದನ್ನೇ, ಎಂಟೂ ಜನರ ಸಹಿ ಇರುವುದು ಅದೇ ರಿಜಿಸ್ಟರಿನಲ್ಲಿ. ಆದರೆ ನನ್ನ ಹಾಳೆಯಲ್ಲಿ ಇಬ್ಬರು ಗಂಡಸರು 'ಇನ್‌ಸ್ಪೆಕ್ಟರ್', ಆರು ಹೆಣ್ಣುಮಕ್ಕಳು 'ಹೆಲ್ಪರ್'. ಪಗಾರದಲ್ಲಿ ತಿಂಗಳಿಗೆ 2,600 ರೂಪಾಯಿಗಳ ವ್ಯತ್ಯಾಸವಿದೆ. ಅವರಲ್ಲಿ ಏಳು ವರ್ಷ ಸೇವೆಯಾದ ಒಬ್ಬ ಅಕ್ಕಾವರೇ ಎರಡು ವರ್ಷದ ಹಿಂದೆ ಬಂದ ಹುಡುಗನಿಗೆ ಮೈಕ್ರೊಮೀಟರ್ ಓದುವುದನ್ನು ಕಲಿಸಿದವರು. ಆ ಹುಡುಗ ಈಗ ಇನ್‌ಸ್ಪೆಕ್ಟರ್.

ಸೂಪರ್‌ವೈಸರ್ ಅವರನ್ನು ಕೇಳಿದೆ. "ಗಂಡಮಕ್ಕಳು ರಾತ್ರಿ ಪಾಳಿಗೆ ಬರ್ತಾರ್ರೀ, ಹೆಣ್ಮಕ್ಕಳಿಗೆ ಯಾಕ ಸುಮ್ನ ತ್ರಾಸ ಕೊಡೂದು" ಎಂದರು. ಹಾಜರಿ ತೆಗೆದು ನೋಡಿದರೆ ಇಡೀ ವರ್ಷದಲ್ಲಿ ತಪಾಸಣೆ ಮೇಜು ರಾತ್ರಿ ನಡೆದದ್ದು ನಾಲ್ಕೇ ದಿನ. ಆ ನಾಲ್ಕು ದಿನವೂ ಯಾವ ಹೆಣ್ಣುಮಗಳನ್ನೂ ಬರುತ್ತೀರಾ ಎಂದು ಕೇಳಿದ ದಾಖಲೆಯಿಲ್ಲ.

ಇನ್ನೊಂದು ಸಂಗತಿ ಇದಕ್ಕೆ ಸೇರುತ್ತದೆಯೋ ಇಲ್ಲವೋ ತಿಳಿಯದು. ನಮ್ಮಲ್ಲಿ ಚಹಾ ಕುಡಿಯಲು ಸ್ಟೀಲ್ ಲೋಟಗಳಿವೆ. ಶೌಚಾಲಯ ಮತ್ತು ಅಂಗಳ ಸ್ವಚ್ಛ ಮಾಡುವವರು ಮಾತ್ರ ತಮ್ಮ ಲೋಟವನ್ನು ಮನೆಯಿಂದಲೇ ತಂದು, ಗೇಟಿನ ಹತ್ತಿರ ಕೂತು ಕುಡಿಯುತ್ತಾರೆ. ಯಾರೂ ಅವರಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಅದು ಅವರ ಇಷ್ಟವೆಂದೇ ಇಷ್ಟು ದಿನ ಭಾವಿಸಿದ್ದೆ.

ನನ್ನ ಪ್ರಶ್ನೆ ಇಷ್ಟೇ. ಯಾರೂ ಬೈದಿಲ್ಲ, ಯಾರೂ ದೂರು ಕೊಟ್ಟಿಲ್ಲ, ಯಾರನ್ನೂ ಕೆಲಸದಿಂದ ತೆಗೆದಿಲ್ಲ. ಹೀಗಿರುವಾಗ ಇದನ್ನು ತಾರತಮ್ಯವೆಂದು ಹೇಳುವುದು ಸರಿಯೇ, ಅಥವಾ ಒಂಬತ್ತು ವರ್ಷ ಈ ಹಾಳೆಯನ್ನು ನನ್ನ ಕೈಯಾರೆ ಬರೆದ ಪಶ್ಚಾತ್ತಾಪದಲ್ಲಿ ನಾನು ಇಲ್ಲದ್ದನ್ನು ಕಾಣುತ್ತಿದ್ದೇನೆಯೇ?

ಉತ್ತರ 1: ರಾಣೆಬೆನ್ನೂರಿನ ನಿವೃತ್ತ ಮೇಲ್ವಿಚಾರಕಿ

ನೀವು ಇಲ್ಲದ್ದನ್ನು ಕಾಣುತ್ತಿಲ್ಲ ಸರ್. ಇರುವುದನ್ನು ತಡವಾಗಿ ಕಂಡಿದ್ದೀರಿ ಅಷ್ಟೇ, ಅದಕ್ಕೆ ನಿಮ್ಮೊಬ್ಬರನ್ನೇ ದೂರುವಂತಿಲ್ಲ. ಹಾಳೆಯನ್ನು ಹುದ್ದೆಯ ಪ್ರಕಾರ ಜೋಡಿಸಿದರೆ ಎಲ್ಲ ಹೆಲ್ಪರ್‌ಗಳಿಗೂ ಒಂದೇ ಪಗಾರ, ಎಲ್ಲ ಇನ್‌ಸ್ಪೆಕ್ಟರ್‌ಗಳಿಗೂ ಒಂದೇ ಪಗಾರ ಎಂದು ಕಾಣುತ್ತದೆ. ಹೆಲ್ಪರ್ ಎಂದು ಯಾರನ್ನು ಕರೆಯಲಾಗಿದೆ, ಏಕೆ ಕರೆಯಲಾಗಿದೆ ಎಂಬುದು ಅಲ್ಲಿ ಮುಚ್ಚಿಹೋಗುತ್ತದೆ.

ನಾನು ನಮ್ಮ ಭಾಗದ ಬೀಜದ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಕಳೆದವಳು. ಮೊದಲು ನೆಟ್‌ಹೌಸಿನಲ್ಲಿ, ಅಂದರೆ ಬಲೆ ಹೊದಿಸಿದ ಬೆಳೆಯ ಮನೆಯಲ್ಲಿ, ಟೊಮೆಟೊ ಕ್ರಾಸಿಂಗ್ ಮಾಡುತ್ತಿದ್ದೆ. ಮರುದಿನ ಅರಳಬೇಕಾದ ಮೊಗ್ಗನ್ನು ಹಿಂದಿನ ದಿನವೇ ಹುಡುಕಿ, ಚಿಮಟದಿಂದ ಬಿಡಿಸಿ, ಗಂಡು ಕೇಸರವನ್ನು ಮಾತ್ರ ಎಳೆದು ತೆಗೆದು, ಮಧ್ಯದ ಹೆಣ್ಣು ಭಾಗಕ್ಕೆ ಕೂದಲೆಳೆಯಷ್ಟೂ ಗಾಯವಾಗದಂತೆ ಬಿಡಬೇಕು; ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಕೈ ತಪ್ಪಿದರೆ ಕಾಯಿ ಕಚ್ಚುವುದಿಲ್ಲ, ಒಂದು ಕೇಸರ ಉಳಿದರೆ ಬೀಜ ಬೆರಕೆಯಾಗುತ್ತದೆ. ಇಡೀ ಬೀಜದ ಬೆಲೆ ನಿಂತಿರುವುದು ಆ ಬೆರಳುಗಳ ಮೇಲೆ. ನಮ್ಮ ಮಾಲೀಕರು ಬಂದವರ ಮುಂದೆಲ್ಲ "ಹೆಣ್ಮಕ್ಕಳ ಬೆರಳು ಭಾಳ ನಾಜೂಕು, ಈ ಕೆಲಸ ಗಂಡಸರ ಕೈಯಾಗ ಆಗಂಗಿಲ್ಲ" ಎಂದು ಹೊಗಳುತ್ತಿದ್ದರು. ಅದೇ ನೆಟ್‌ಹೌಸಿನಲ್ಲಿ ಔಷಧ ಸಿಂಪಡಿಸುವ ಗಂಡಸರ ದಿನಗೂಲಿ ನಮ್ಮದಕ್ಕಿಂತ ಹೆಚ್ಚಿತ್ತು. ಗಂಡಸರು ಮಾಡಿದರೆ ಅದು ಕಲಿತ ಕೆಲಸ, ನಾವು ಮಾಡಿದರೆ ಅದು ಹುಟ್ಟಿನಿಂದ ಬಂದ ಗುಣ. ಹುಟ್ಟುಗುಣಕ್ಕೆ ಪಗಾರ ಯಾರು ಕೊಡುತ್ತಾರೆ? ನಿಮ್ಮ ಮೇಜಿನಲ್ಲೂ "ಹೆಣ್ಣುಮಕ್ಕಳಿಗೆ ತಾಳ್ಮೆ ಜಾಸ್ತಿ" ಎಂಬ ಮಾತು ಕೇಳಿರಬಹುದು. ಮುಂದೆ ಆ ಮಾತು ಬಂದಾಗ ಅದಕ್ಕೆ ಎಷ್ಟು ರೂಪಾಯಿ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳಿರಿ.

ಮುಂದೆ ಬೀಜ ಸಂಸ್ಕರಣಾ ಘಟಕದಲ್ಲಿ ಮೇಲ್ವಿಚಾರಕಿಯ ಜಾಗ ಖಾಲಿಯಾದಾಗ ನನ್ನನ್ನು ಕರೆದು "ಮನಿಯಾಗ ಕೇಳಿಕೊಂಡು ಬಂದು ಹೇಳ್ರೆಕ್ಕಾ" ಎಂದರು. ಅದೇ ವಾರ ಇನ್ನೊಂದು ವಿಭಾಗಕ್ಕೆ ಮೇಲ್ವಿಚಾರಕನಾದವನಿಗೆ ಯಾರೂ ಮನೆಯಲ್ಲಿ ಕೇಳಿಕೊಂಡು ಬಾ ಎನ್ನಲಿಲ್ಲ. ನನ್ನ ಅನುಭವದಲ್ಲಿ ತಾರತಮ್ಯವನ್ನು ಗುರುತಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ: ಕೇಳಿದ ಪ್ರಶ್ನೆಯನ್ನು ಪಕ್ಕದವನಿಗೂ ಕೇಳುತ್ತಿದ್ದರೇ ಎಂದು ನೋಡುವುದು. ಕೇಳಿದವರು ಒಳ್ಳೆಯವರೇ ಆಗಿದ್ದರು, ಕಾಳಜಿಯಿಂದಲೇ ಕೇಳಿದ್ದರು. ಆ ಕಾಳಜಿಯಿಂದ ನನಗೆ ಎರಡು ವರ್ಷ ತಡವಾಯಿತು, ಏಕೆಂದರೆ ಮೊದಲ ಸಲ ನಾನು ನಿಜವಾಗಿಯೂ ಮನೆಯಲ್ಲಿ ಕೇಳಿದೆ.

ಯಾರೂ ದೂರು ಕೊಟ್ಟಿಲ್ಲ ಎಂದಿದ್ದೀರಿ. ಪಕ್ಕದವನ ಪಗಾರವೇ ಗೊತ್ತಿಲ್ಲದಿದ್ದರೆ ಏನೆಂದು ದೂರು ಕೊಡುವುದು? ಎಂಟೂ ಹೆಸರುಗಳನ್ನು ಪಗಾರದ ಸಮೇತ ಒಂದೇ ಹಾಳೆಯಲ್ಲಿ ಕಂಡವರು ನಿಮ್ಮ ಘಟಕದಲ್ಲಿ ನೀವು ಮತ್ತು ನಿಮ್ಮ ಮಾಲೀಕರು ಮಾತ್ರ.

ಉತ್ತರ 2: ಗದಗಿನಲ್ಲಿ ಬೇಳೆ ಮಿಲ್ ನಡೆಸುವವರು

ಇಲ್ಲಿ ಎಲ್ಲರೂ ಒಂದೇ ಕಡೆಯಿಂದ ಮಾತನಾಡುವ ಮೊದಲು ಉದ್ಯೋಗ ಕೊಡುವವರ ಮಾತೂ ಇರಲಿ ಎಂದು ಬರೆಯುತ್ತಿದ್ದೇನೆ. ನನ್ನ ಮಿಲ್ಲಿನಲ್ಲಿ ಒಂಬತ್ತು ಜನರಿದ್ದಾರೆ. ಐವತ್ತು ಕಿಲೋ ಚೀಲ ಹೊತ್ತು ಲಾರಿಗೆ ಹಾಕುವ ಹಮಾಲರಿಗೂ ಬೇಳೆ ಹಸನು ಮಾಡುವವರಿಗೂ ಒಂದೇ ಕೂಲಿ ಕೊಡಲು ಸಾಧ್ಯವಿಲ್ಲ, ಕೊಡುವುದು ನ್ಯಾಯವೂ ಅಲ್ಲ. ಕೆಲಸಕ್ಕೆ ತಕ್ಕಂತೆ ಪಗಾರದಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಪ್ರತಿ ವ್ಯತ್ಯಾಸವನ್ನೂ ತಾರತಮ್ಯವೆಂದು ಕರೆಯುತ್ತಾ ಹೋದರೆ ಸಣ್ಣ ಉದ್ದಿಮೆದಾರ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತಾನೆ. ಆರು ಜನರಿಗೆ 2,600 ರೂಪಾಯಿಯಂತೆ ಹೆಚ್ಚಿಸಿದರೆ ತಿಂಗಳಿಗೆ 15,600 ಆಯಿತು, ವರ್ಷಕ್ಕೆ ಎರಡು ಲಕ್ಷದ ಹತ್ತಿರ. ತಾರಿಹಾಳದ ಆ ಮಾಲೀಕರಿಗೆ ಆರ್ಡರ್ ಎಷ್ಟಿದೆ, ಬ್ಯಾಂಕಿನ ಕಂತು ಎಷ್ಟಿದೆ ಎಂಬುದೂ ಲೆಕ್ಕಕ್ಕೆ ಬರಬೇಕಲ್ಲವೇ? ರಾತ್ರಿ ಏನಾದರೂ ಹೆಚ್ಚುಕಡಿಮೆಯಾದರೆ ಉತ್ತರ ಕೊಡಬೇಕಾದವರೂ ಅವರೇ.

ಲೋಟದ ವಿಷಯದಲ್ಲಿ ಮಾತ್ರ ನನ್ನ ತಕರಾರಿಲ್ಲ. ಅದು ತಪ್ಪು.

ಉತ್ತರ 3: ಧಾರವಾಡದ ಒಬ್ಬ ವಕೀಲರು

ಮಿಲ್ಲಿನ ಮಾಲೀಕರ ಮಾತಿನಲ್ಲಿ ಒಪ್ಪಬೇಕಾದ ಭಾಗವನ್ನು ಮೊದಲು ಒಪ್ಪುತ್ತೇನೆ. ಚೀಲ ಹೊರುವ ಕೆಲಸ ಮತ್ತು ಬೇಳೆ ಹಸನು ಮಾಡುವ ಕೆಲಸ ಎರಡೂ ಬೇರೆ. ಬೇರೆ ಕೆಲಸಕ್ಕೆ ಬೇರೆ ಪಗಾರ ಕೊಡುವುದನ್ನು ಕಾನೂನು ತಡೆಯುವುದಿಲ್ಲ. ಕಾನೂನು ಕೇಳುವುದು, ಒಂದೇ ಕೆಲಸಕ್ಕೆ ಅಥವಾ ಒಂದೇ ಬಗೆಯ ಕೆಲಸಕ್ಕೆ ಗಂಡು ಹೆಣ್ಣೆಂಬ ಕಾರಣಕ್ಕೆ ಕಡಿಮೆ ಕೊಡಲಾಗಿದೆಯೇ ಎಂದು. 1976ರ ಸಮಾನ ವೇತನ ಕಾಯ್ದೆಯಲ್ಲಿ ಇದ್ದ ಈ ನಿಯಮ ಈಗ 2019ರ ವೇತನ ಸಂಹಿತೆಯ 3ನೇ ಕಲಮಿನಲ್ಲಿ ಸೇರಿದೆ, ಮತ್ತು ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಕೌಶಲ, ಶ್ರಮ, ಅನುಭವ, ಹೊಣೆಗಾರಿಕೆ ಇವು ಒಂದೇ ಆಗಿದ್ದು, ಉಳಿದ ವ್ಯತ್ಯಾಸಗಳು ನಿತ್ಯದ ಕೆಲಸದಲ್ಲಿ ಲೆಕ್ಕಕ್ಕೆ ಬರದಷ್ಟು ಸಣ್ಣವಾಗಿದ್ದರೆ ಅದು ಒಂದೇ ಬಗೆಯ ಕೆಲಸ. ವರ್ಷಕ್ಕೆ ನಾಲ್ಕು ರಾತ್ರಿಯನ್ನು ಲೆಕ್ಕಕ್ಕೆ ಬರುವ ವ್ಯತ್ಯಾಸವೆಂದು ಸಮರ್ಥಿಸುವುದು ಕಷ್ಟ. ಆ ನಾಲ್ಕು ರಾತ್ರಿಗೆ ಪ್ರತ್ಯೇಕ ರಾತ್ರಿ ಭತ್ಯೆ ಕೊಡಬಹುದಿತ್ತು. ಅದಕ್ಕಾಗಿ ಹನ್ನೆರಡು ತಿಂಗಳ ಪಗಾರವನ್ನು ಬೇರೆ ಮಾಡಬೇಕಾಗಿರಲಿಲ್ಲ. ಅಲ್ಲದೆ ಹೆಣ್ಣುಮಕ್ಕಳು ರಾತ್ರಿ ದುಡಿಯಲೇಬಾರದೆಂಬ ನಿಯಮ ಈಗಿಲ್ಲ. ಅವರ ಒಪ್ಪಿಗೆ ಪಡೆದು, ಸುರಕ್ಷತೆ ಮತ್ತು ವಾಹನದ ವ್ಯವಸ್ಥೆ ಮಾಡುವ ಷರತ್ತಿನ ಮೇಲೆ ಕರ್ನಾಟಕ ಸರ್ಕಾರ 2019ರಲ್ಲೇ ಕಾರ್ಖಾನೆಗಳಲ್ಲಿ ಅದಕ್ಕೆ ಅನುಮತಿ ಕೊಟ್ಟಿದೆ. ಬೇಡವೆನ್ನುವ ಹಕ್ಕು ಆ ಅಕ್ಕಾವರದು, ಆದರೆ ಬೇಡವೆನ್ನಬೇಕಾದರೆ ಮೊದಲು ಅವರನ್ನು ಯಾರಾದರೂ ಕೇಳಿರಬೇಕು.

ನಿಮ್ಮ ಪ್ರಶ್ನೆಗೆ ಬಹಳ ಹತ್ತಿರದ ತೀರ್ಪೊಂದು 1987ರಲ್ಲಿ ಸುಪ್ರೀಂ ಕೋರ್ಟಿನಿಂದ ಬಂದಿದೆ. ಮ್ಯಾಕಿನನ್ ಮೆಕೆಂಜಿ ಕಂಪನಿಯಲ್ಲಿ ಆಡ್ರಿ ಡಿಕೋಸ್ಟಾ ಎಂಬ ಸ್ಟೆನೋಗ್ರಾಫರ್ ಇದ್ದರು. ಅಲ್ಲಿ ಹೆಣ್ಣುಮಕ್ಕಳನ್ನು 'ಕಾನ್ಫಿಡೆನ್ಶಿಯಲ್ ಲೇಡಿ ಸ್ಟೆನೋಗ್ರಾಫರ್' ಎಂಬ ಬೇರೆ ಗುಂಪಾಗಿ ಇಟ್ಟು, ಗಂಡಸು ಸ್ಟೆನೋಗ್ರಾಫರ್‌ಗಳಿಗಿಂತ ಕಡಿಮೆ ಸಂಬಳ ಕೊಡಲಾಗುತ್ತಿತ್ತು. ಗುಂಪು ಬೇರೆ, ಹಾಗಾಗಿ ಸಂಬಳ ಬೇರೆ ಎಂಬ ಕಂಪನಿಯ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಹುದ್ದೆಯ ಹೆಸರನ್ನು ಬದಿಗಿಟ್ಟು ನಿಜವಾಗಿ ಮಾಡುವ ಕೆಲಸವನ್ನು ನೋಡಿತು. ಕಂಪನಿ ತನ್ನ ಹಣಕಾಸಿನ ಮುಗ್ಗಟ್ಟನ್ನೂ ಮುಂದಿಟ್ಟಿತ್ತು. ಈ ಕಾಯ್ದೆ ಅನ್ವಯವಾಗುವುದು ಮಾಲೀಕರ ಹಣಕಾಸಿನ ಶಕ್ತಿಯನ್ನು ಅವಲಂಬಿಸಿಲ್ಲ ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ಮಿಲ್ಲಿನ ಮಾಲೀಕರ ಎರಡು ಲಕ್ಷದ ಲೆಕ್ಕಕ್ಕೆ ಉತ್ತರ ಅಲ್ಲಿದೆ: ಆ ಎರಡು ಲಕ್ಷ ಪ್ರತಿ ವರ್ಷ ಖರ್ಚಾಗುತ್ತಲೇ ಬಂದಿದೆ, ಅದನ್ನು ಭರಿಸುತ್ತಿರುವವರು ಆರು ಜನ ಹೆಲ್ಪರ್‌ಗಳು. ಹಾಗೆಯೇ ಸಮ ಮಾಡುವ ನೆಪದಲ್ಲಿ ಗಂಡಸರ ಪಗಾರವನ್ನು ಇಳಿಸಲೂ ಬರುವುದಿಲ್ಲ. ಇದನ್ನು ಆ ಇಬ್ಬರಿಗೆ ಮೊದಲೇ ತಿಳಿಸಿದರೆ ಮೇಜಿನಲ್ಲಿ ಮನಸ್ತಾಪ ಕಡಿಮೆಯಾಗುತ್ತದೆ.

ಇನ್ನು ಲೋಟದ ವಿಷಯ. ಅದನ್ನು ಕೊನೆಗೆ, ಸೇರುತ್ತದೆಯೋ ಇಲ್ಲವೋ ಎಂಬ ಅನುಮಾನದಲ್ಲಿ ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಅದು ಎರಡರಲ್ಲಿ ಹೆಚ್ಚು ಗಂಭೀರವಾದದ್ದು. ಸಂವಿಧಾನದ ಸಮಾನತೆಯ ವಿಧಿಗಳಲ್ಲಿ 14 ಮತ್ತು 16 ಸರ್ಕಾರವನ್ನು ಕಟ್ಟಿಹಾಕುತ್ತವೆ. ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿ ಖಾಸಗಿ ವ್ಯಕ್ತಿಗಳಿಗೂ, ಖಾಸಗಿ ಕಾರ್ಖಾನೆಗೂ ಅಷ್ಟೇ ಅನ್ವಯಿಸುತ್ತದೆ. ಅದರ ಬೆನ್ನಿಗೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಮತ್ತು 1989ರ ದೌರ್ಜನ್ಯ ತಡೆ ಕಾಯ್ದೆ ಇವೆ. ಯಾರೂ ಹೇಳದೆಯೇ ಒಬ್ಬ ಮನುಷ್ಯ ತನ್ನ ಲೋಟವನ್ನು ಮನೆಯಿಂದ ತಂದು ಗೇಟಿನ ಬಳಿ ಕೂತರೆ, ಅದನ್ನು ಅವನಿಗೆ ಎಲ್ಲೋ ಯಾವಾಗಲೋ ಯಾರೋ ಹೇಳಿದ್ದಾರೆ ಎಂದೇ ಅರ್ಥ. ನಿಮ್ಮಲ್ಲಿ ಹೇಳಿರದಿರಬಹುದು, ಬೇಡವೆಂದೂ ಯಾರೂ ಹೇಳಿಲ್ಲ.

ಎಲ್ಲಿಗೆ ಹೋಗಬೇಕು ಎಂಬುದು ಮುಂದಿನ ಪ್ರಶ್ನೆಯಾದೀತು. ಪಗಾರದ ವಿಷಯ ಕಾರ್ಮಿಕ ಇಲಾಖೆಗೆ, ಜಾತಿನಿಂದನೆ ಮತ್ತು ಅಸ್ಪೃಶ್ಯತೆಯ ವಿಷಯ ಪೊಲೀಸರಿಗೆ ಅಥವಾ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ, ಲೈಂಗಿಕ ಕಿರುಕುಳದ ದೂರು ಸಂಸ್ಥೆಯ ಆಂತರಿಕ ಸಮಿತಿಗೆ ಹೋಗುತ್ತದೆ. ಹತ್ತು ಜನರಿಗಿಂತ ಕಡಿಮೆ ಇಲ್ಲದ ಪ್ರತಿ ಕೆಲಸದ ಸ್ಥಳದಲ್ಲೂ 2013ರ ಕಾಯ್ದೆಯಂತೆ ಆ ಸಮಿತಿ ಇರಬೇಕು. 64 ಜನರಿರುವ ನಿಮ್ಮ ಘಟಕದಲ್ಲಿ ಅದು ಇದೆಯೇ ಎಂದು ನೋಡಿ. ಹೆಣ್ಣುಮಕ್ಕಳಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ, ಅಂಗವಿಕಲರಿಗೂ, ಕಾರ್ಖಾನೆಯ ಕಾರ್ಮಿಕರಿಗೂ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಸಹಾಯವಾಣಿ ಸಂಖ್ಯೆ 15100. ಆದರೆ ನೀವು ಹಾಳೆ ಬರೆಯುವ ಜಾಗದಲ್ಲಿ ಕೂತಿದ್ದೀರಿ. ದೂರಿಗಿಂತ ಮೊದಲು ಆ ಜಾಗವನ್ನು ಬಳಸಿಕೊಳ್ಳಿ. ಎಂಟು ಜನರ ಹೆಸರು ಬರೆಯದೆ, ಮಾಡುವ ಕೆಲಸ, ಸೇವೆಯ ವರ್ಷ, ಪಾಸು ಮಾಡಿದ ತುಂಡುಗಳು ಇಷ್ಟನ್ನೇ ಬರೆದು ಮಾಲೀಕರ ಮುಂದೆ ಇಡಿ. ಯಾರು ಹೆಲ್ಪರ್, ಯಾರು ಇನ್‌ಸ್ಪೆಕ್ಟರ್ ಎಂದು ಅವರೇ ಗುರುತಿಸಲಿ.

ಉತ್ತರ 4: ಗದಗಿನ ಒಂದು ಮುದ್ರಣಾಲಯದ ಆಫ್‌ಸೆಟ್ ಆಪರೇಟರ್

ಮಿಲ್ಲಿನ ಅಣ್ಣಾವರು ಬರೆದದ್ದನ್ನು ಓದಿ ಒಂದು ಮಾತು ಸೇರಿಸಬೇಕೆನಿಸಿತು. ನನ್ನ ಎಡಗಾಲಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿದೆ. ಗದಗು ಮುದ್ರಣಕ್ಕೆ ಹೆಸರಾದ ಊರು, ಇಲ್ಲಿ ಕೆಲಸ ಸಿಗುವುದು ಕಷ್ಟವಾಗಲಿಲ್ಲ. ಕಲಿಯಲು ಬಿಡುವುದು ಕಷ್ಟವಾಯಿತು. ಬೈಂಡಿಂಗ್ ವಿಭಾಗದಲ್ಲಿ ಕೂರಿಸಿ, "ನೀ ಆರಾಮ ಕುಂತು ಮಡಚಪಾ, ಮಷೀನಿನ ಉಸಾಬರಿ ಬ್ಯಾಡ" ಎಂದರು. ನನ್ನ ಜೊತೆಗೆ ಬಂದವರೆಲ್ಲ ಒಬ್ಬೊಬ್ಬರಾಗಿ ಮಷೀನಿಗೆ ಹೋದರು, ನಾನು ಆರು ವರ್ಷ ಫಾರಂ (ಅಚ್ಚಾದ ದೊಡ್ಡ ಹಾಳೆ) ಮಡಚಿದೆ. ನನಗೆ ಯಾರೂ ಕೆಟ್ಟ ಮಾತಾಡಿಲ್ಲ. ಎಲ್ಲರಿಗೂ ನನ್ನ ಮೇಲೆ ಪ್ರೀತಿ ಇತ್ತು, ಮಷೀನ್ ಮಾತ್ರ ಇರಲಿಲ್ಲ.

ಹೊಸ ಮ್ಯಾನೇಜರ್ ಬಂದಾಗ ಒಂದು ದಿನ ನಿಂತು ನೋಡಿದರು. ನನಗೆ ತೊಡಕಾಗುತ್ತಿದ್ದದ್ದು ಹಾಳೆ ಹೊರಬರುವ ಕಡೆಯ ಎತ್ತರ ಒಂದೇ; ಒಂಟಿ ಕಾಲಿನ ಮೇಲೆ ಭಾರ ಹಾಕಿ ಬಗ್ಗಿ ಹಾಳೆ ಎಳೆದು ನೋಡಬೇಕಿತ್ತು. ಬಡಿಗೇರರಿಂದ ಆರು ಇಂಚಿನ ಒಂದು ಮಣೆ ಮಾಡಿಸಿ ಅಲ್ಲಿ ಹಾಕಿಸಿದರು, ಹಿಡಿಯಲು ಒಂದು ಕಬ್ಬಿಣದ ಕೊಳವೆ ಕೂಡಿಸಿದರು. ಖರ್ಚು ಸಾವಿರ ರೂಪಾಯಿಯನ್ನೂ ಮುಟ್ಟಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇಂಥ ಹೊಂದಾಣಿಕೆಯ ಮಾತಿದೆ, ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯನ್ನು ಬರೆದು ಪ್ರಕಟಿಸಬೇಕು ಎಂಬುದು ನನಗೆ ಆಮೇಲೆ ತಿಳಿಯಿತು. ಮಣೆ ಬಂದದ್ದು ಕಾಯ್ದೆ ಓದಿದವರಿಂದಲ್ಲ, ನಿಂತು ನೋಡಿದವರಿಂದ.

ಹಾಗಾಗಿ ಮಿಲ್ಲಿನ ಅಣ್ಣಾವರಿಗೆ ವಿನಂತಿ: ಚೀಲ ಹೊರುವವರ ಕೂಲಿ ಬೇರೆಯೇ ಇರಲಿ. ತೂಕದ ಮಷೀನು, ಹೊಲಿಗೆ ಮಷೀನು, ಲೆಕ್ಕದ ಮೇಜು ಇವುಗಳಲ್ಲಿ ಯಾರಿದ್ದಾರೆ, ಅಲ್ಲಿಗೆ ಹೋಗಲು ಬೇಳೆ ಹಸನು ಮಾಡುವ ಯಾರಿಗಾದರೂ ದಾರಿ ಇದೆಯೇ ಎಂದು ಒಮ್ಮೆ ನೋಡಿರಿ.

ಉತ್ತರ 5: ಬೇಳೆ ಮಿಲ್ ನಡೆಸುವವರು

ನೋಡಿದೆ. ಹೊಲಿಗೆ ಮಷೀನಿನ ಮೇಲೆ ಇರುವವನು ನನ್ನ ಸೋದರಳಿಯ. ಈ ಮಾತನ್ನು ಇಲ್ಲಿಗೇ ಬಿಡೋಣ.

ಉತ್ತರ 6: ತಾರಿಹಾಳದ ಆಡಳಿತ ಸಿಬ್ಬಂದಿ

ಐದು ವಾರಗಳ ನಂತರ ಬರೆಯುತ್ತಿದ್ದೇನೆ, ತಡಕ್ಕೆ ಕ್ಷಮೆಯಿರಲಿ. ವಕೀಲರು ಹೇಳಿದಂತೆ ಹೆಸರಿಲ್ಲದ ಹಾಳೆಯನ್ನು ಮಾಡಿ, ಮೂರು ತಿಂಗಳ ರಿಜಿಸ್ಟರಿನ ಸಹಿಗಳನ್ನು ಎಣಿಸಿ, ಒಬ್ಬೊಬ್ಬರು ನೋಡಿದ ತುಂಡುಗಳನ್ನೂ ಗ್ರಾಹಕರಿಂದ ವಾಪಸು ಬಂದ ತುಂಡುಗಳನ್ನೂ ಅದರಲ್ಲಿ ಹಾಕಿದೆ. ಮಾಲೀಕರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಎರಡು ಸಾಲುಗಳ ಮೇಲೆ ಬೆರಳಿಟ್ಟು "ಇವರು ಇನ್‌ಸ್ಪೆಕ್ಟರ್ ಇರಬೇಕು" ಎಂದರು. ಒಂದು ಸಾಲು ಏಳು ವರ್ಷ ಸೇವೆಯ ಆ ಅಕ್ಕಾವರದು, ಇನ್ನೊಂದು ಕೂಡ ಒಬ್ಬ ಹೆಣ್ಣುಮಗಳದು. ನಾನು ಹೆಸರು ಹೇಳಿದ ಮೇಲೆ ಅವರು ಸ್ವಲ್ಪ ಸಿಟ್ಟಾದರು. ಸಿಟ್ಟು ನನ್ನ ಮೇಲೋ ಹಾಳೆಯ ಮೇಲೋ ತಿಳಿಯಲಿಲ್ಲ.

ಏಪ್ರಿಲ್ ತಿಂಗಳಿನಿಂದ ಎಂಟೂ ಜನರನ್ನು ಇನ್‌ಸ್ಪೆಕ್ಟರ್ ಎಂದು ಬರೆಯಲು ಒಪ್ಪಿದ್ದಾರೆ. ಪಗಾರದ ವ್ಯತ್ಯಾಸವನ್ನು ಅರ್ಧ ಈ ವರ್ಷ, ಅರ್ಧ ಮುಂದಿನ ವರ್ಷ ತುಂಬುವುದಾಗಿ ಹೇಳಿದ್ದಾರೆ. ಹಿಂದಿನ ಬಾಕಿಯ ಬಗ್ಗೆ ಮಾತೆತ್ತಿದಾಗ ಫೋನ್ ಬಂತೆಂದು ಎದ್ದು ಹೋದರು. ಸೂಪರ್‌ವೈಸರ್ ನನ್ನೊಡನೆ ಮಾತು ಬಿಟ್ಟಿದ್ದಾರೆ. ಆಂತರಿಕ ಸಮಿತಿ ಕಾಗದದ ಮೇಲಿತ್ತು. ಅಧ್ಯಕ್ಷೆಯೆಂದು ಹೆಸರಿದ್ದವರು ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ಹೊಸ ಸಮಿತಿ ಆಗುತ್ತಿದೆ.

ಲೋಟದ ವಿಷಯದಲ್ಲಿ ನಾನು ಅವಸರ ಮಾಡಿದೆನೇನೋ. ಎಪ್ಪತ್ತು ಹೊಸ ಲೋಟ ತರಿಸಿ, ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ ಇಡಿಸಿ, ಮೊದಲ ದಿನ ನಾನೇ ಗೇಟಿನ ತನಕ ಚಹಾ ಒಯ್ದು ಕೊಟ್ಟೆ. ಅವರು ಎದ್ದು ನಿಂತು ತೆಗೆದುಕೊಂಡು, ಕುಡಿದು, ಲೋಟವನ್ನು ತಾವೇ ತೊಳೆದು ಬೇರೆ ಕಡೆ ಬೋರಲು ಹಾಕಿದರು. ಮರುದಿನ ಮತ್ತೆ ತಮ್ಮ ಲೋಟವನ್ನೇ ತಂದಿದ್ದರು. ಈಗ ನಾನು ಮಧ್ಯಾಹ್ನದ ಚಹಾವನ್ನು ಅಲ್ಲೇ ಗೇಟಿನ ಕಟ್ಟೆಯ ಮೇಲೆ ಅವರ ಪಕ್ಕ ಕೂತು ಕುಡಿಯುತ್ತೇನೆ. ನಿನ್ನೆ ಮಗಳ ಹತ್ತನೆಯ ತರಗತಿಯ ವಿಷಯ ಮಾತನಾಡಿದರು.

ವಕೀಲರಿಗೆ ಒಂದು ಪ್ರಶ್ನೆ ಉಳಿದಿದೆ. ಅರ್ಧರ್ಧವಾಗಿ ತುಂಬುವುದನ್ನು ಒಪ್ಪಿಕೊಂಡರೆ ಆ ಆರು ಜನರ ಹಳೆಯ ಬಾಕಿಯ ಹಕ್ಕು ಹೋಗುತ್ತದೆಯೇ?

ಉತ್ತರ 7: ಧಾರವಾಡದ ವಕೀಲರು

ಒಪ್ಪಿ ಹೆಚ್ಚಳ ಪಡೆದ ಮಾತ್ರಕ್ಕೆ ಹೋಗುವುದಿಲ್ಲ. ಆದರೆ 'ಯಾವ ಬಾಕಿಯೂ ಇಲ್ಲ' ಎಂದು ಬರೆದ ಕಾಗದಕ್ಕೆ ಓದದೆ ಸಹಿ ಹಾಕಬಾರದೆಂದು ಅವರಿಗೆ ತಿಳಿಸಿ. ವೇತನ ಸಂಹಿತೆಯಲ್ಲಿ ಬಾಕಿ ಕೇಳಲು ಮೂರು ವರ್ಷದ ಅವಧಿ ಇದೆ, ಹಾಗಾಗಿ ಹೆಚ್ಚು ಕಾಯುವುದೂ ಬೇಡ. ಕಚೇರಿಯ ಕಾಗದಗಳನ್ನು ನೀವು ಹೊರಗೆ ಒಯ್ಯಬೇಡಿ. ಅದರಿಂದ ನಿಮಗೇ ತೊಂದರೆ. ಆ ಆರು ಜನ ತಮ್ಮ ತಮ್ಮ ಪಗಾರ ಚೀಟಿಗಳನ್ನು ತೆಗೆದಿಟ್ಟಿದ್ದಾರೆಯೇ ಎಂದು ಕೇಳಿ. ಚೀಟಿ ಕೊಡುವುದು ಮಾಲೀಕರ ಹೊಣೆ. ಇಲ್ಲದವರು ಬರವಣಿಗೆಯಲ್ಲಿ ಕೇಳಲಿ, ಮತ್ತು ಆ ಅರ್ಜಿಯ ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಲಿ. ನಿಮ್ಮ ಘಟಕದಲ್ಲಿ ಮೊಹರು ಹಾಕುವವರು ಬಹುಶಃ ನೀವೇ ಇರಬೇಕು.